ಯಾವ ಕ್ಲೌಡ್ ಅಂತ ಆಮೇಲೆ ನೋಡೋಣ, ಮೊದಲು ಹಾರ್ಡ್ ಡಿಸ್ಕ್ ತಗೊಳ್ಳಿ

ಅಂಗಡಿ ಕಂಪ್ಯೂಟರ್, ಮನೆ ಲ್ಯಾಪ್‌ಟಾಪ್, ಫೋನ್ ಮೂರರಲ್ಲೂ ಒಂದೇ ಫೈಲ್ ಇರಬೇಕು, ಕ್ಲೌಡ್‌ಗೆ ಹಾಕಿದರೆ ಹಾರ್ಡ್ ಡಿಸ್ಕ್ ಖರ್ಚು ಉಳಿಯುತ್ತಾ ಅಂತ ಕೇಳಿದ್ದೀರಿ. ಉಳಿಯುವುದಿಲ್ಲ. ನಾನೂ ಅದನ್ನೇ ಉಳಿಸಲು ಹೋದವನು.

ಗದಗದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಪ್ರೆಸ್‌ಗಳು ಜಾಸ್ತಿ ಇರುವ ಊರು, ಕೆಲಸಕ್ಕೆ ಬರವಿಲ್ಲ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಪುಸ್ತಕ. ಹಗಲು ಅಂಗಡಿಯಲ್ಲಿ ಕಂಪೋಸ್, ರಾತ್ರಿ ಮನೆಯಲ್ಲಿ ತಿದ್ದುಪಡಿ. ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಓಡಾಡಿ ಸಾಕಾಗಿ ‘ಕೆಲಸ’ ಅನ್ನುವ ಫೋಲ್ಡರನ್ನು ಇಡಿಯಾಗಿ ಸಿಂಕ್‌ಗೆ ಹಾಕಿದೆ, ಅಂದರೆ ಒಂದು ಯಂತ್ರದಲ್ಲಿ ಬದಲಾದದ್ದು ಕ್ಲೌಡ್ ಮೂಲಕ ಉಳಿದವುಗಳಲ್ಲೂ ತಾನಾಗಿ ಬದಲಾಗುವ ಹಾಗೆ. ಯಾವ ಕಂಪನಿಯದ್ದು ಅಂತ ಬರೆಯುವುದಿಲ್ಲ. ಅದು ತಾನು ಮಾಡಬೇಕಾದ್ದನ್ನೇ ಮಾಡಿತು.

ಮದುವೆ ಸೀಸನ್. ಅಂಗಡಿಯ ಕಂಪ್ಯೂಟರ್‌ನಲ್ಲಿದ್ದದ್ದು 120 ಜಿಬಿ ಎಸ್‌ಎಸ್‌ಡಿ, ಸಿ ಡ್ರೈವ್ ಪೂರ್ತಿ ಕೆಂಪಾಗಿತ್ತು. ಕೋರೆಲ್‌ನಲ್ಲಿ ಮಾಡಿದ ಡಿಸೈನ್ ಫೈಲ್ ಸೇವ್ ಆಗುತ್ತಿಲ್ಲ, ಎದುರಿಗೆ ಗಿರಾಕಿ ಕೂತಿದ್ದಾರೆ. ಸಿಂಕ್‌ಗೆ ಹಾಕಿದ್ದ ಫೋಲ್ಡರ್ ಒಳಗಿನ ‘ಹಳೇ ಕೆಲಸ’ ಕಣ್ಣಿಗೆ ಬಿತ್ತು. ಹೇಗೂ ಕ್ಲೌಡ್‌ನಲ್ಲಿದೆ, ಮನೆಯಲ್ಲೂ ಇದೆ, ಇಲ್ಲಿ ಯಾಕೆ ಅಂತ ಡಿಲೀಟ್ ಹೊಡೆದೆ. ಜಾಗ ಬೇಕಿತ್ತಲ್ಲ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸಿಂಕ್ ಸಾಫ್ಟ್‌ವೇರ್ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ಹೋದ ಸಲ ಈ ಫೋಲ್ಡರ್‌ನಲ್ಲಿ ಏನೇನಿತ್ತು ಅಂತ. ಪಟ್ಟಿಯಲ್ಲಿ ಇದ್ದದ್ದು ಈಗ ಡಿಸ್ಕ್‌ನಲ್ಲಿ ಇಲ್ಲ ಅಂದರೆ, ಇದು ನಿಮಗೆ ಬೇಡವಾಗಿದೆ ಅಂತಲೇ ಅದರ ಲೆಕ್ಕ. ಜಾಗ ಇಲ್ಲ ಅಂತ ಅಳಿಸಿದಿರೋ, ನಿಜಕ್ಕೂ ಬೇಡ ಅಂತ ಅಳಿಸಿದಿರೋ, ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಸರ್ವರ್‌ನಲ್ಲೂ ಅಳಿಸುತ್ತದೆ. ಆಮೇಲೆ ಅದೇ ಖಾತೆಗೆ ಜೋಡಿಸಿದ ಯಂತ್ರ ಯಾವಾಗ ನೆಟ್‌ಗೆ ಬರುತ್ತದೋ ಆಗ ಅಲ್ಲೂ ಅಳಿಸುತ್ತದೆ. ನಾನು ಮೂರು ಪ್ರತಿ ಇವೆ ಅಂದುಕೊಂಡಿದ್ದೆ. ಇದ್ದದ್ದು ಒಂದೇ, ಮೂರು ಕಡೆ ಕಾಣಿಸುತ್ತಿತ್ತು ಅಷ್ಟೆ.

ನಾನು ಡಿಲೀಟ್ ಒತ್ತಿದಾಗ ಮನೆಯ ಲ್ಯಾಪ್‌ಟಾಪ್ ಆಫ್ ಆಗಿತ್ತು. ಅದರೊಳಗೆ ಎಲ್ಲವೂ ಹಾಗೇ ಇತ್ತು. ರಾತ್ರಿ ಆನ್ ಮಾಡಿದೆ, ವೈಫೈ ಹಿಡಿಯಿತು, ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅಲ್ಲೂ ಹೋಗಿತ್ತು. ರೂಟರ್ ಆಫ್ ಮಾಡಿ ತೆರೆದಿದ್ದರೆ ಅಷ್ಟನ್ನೂ ಪೆನ್‌ಡ್ರೈವ್‌ಗೆ ಎತ್ತಿಕೊಳ್ಳಬಹುದಿತ್ತು. ಇನ್ನೊಂದು ಮಾತು. ಇಷ್ಟು ಫೈಲ್ ಎಲ್ಲಾ ಕಡೆಯಿಂದ ಹೋಗುತ್ತವೆ ಅಂತ ಅಂಗಡಿಯ ಕಂಪ್ಯೂಟರ್‌ನಲ್ಲಿ ಎಚ್ಚರಿಕೆಯೂ ಬಂದಿತ್ತು. ಗಿರಾಕಿ ಎದುರಿಗಿದ್ದಾಗ ಪರದೆ ಮೇಲೆ ಏನೇ ಬಂದರೂ ಓಕೆ ಒತ್ತುವ ಕೈ ನನ್ನದು.

ಟ್ರ್ಯಾಶ್ ಇರುತ್ತದಲ್ವಾ ಅಂತೀರಿ. ಇರುತ್ತದೆ. ಗೂಗಲ್ ಡ್ರೈವ್, ಬಿಟ್ಟಿ ಡ್ರಾಪ್‌ಬಾಕ್ಸ್, ಒನ್‌ಡ್ರೈವ್‌ನ ವೈಯಕ್ತಿಕ ಖಾತೆ, ಮೂರರಲ್ಲೂ ಅಳಿಸಿದ್ದು 30 ದಿನ ಸಿಗುತ್ತದೆ. ಆದರೆ ಹಳೇ ಕೆಲಸವನ್ನು ಯಾರಾದರೂ ಬಂದು ಕೇಳುವ ತನಕ ನಾವು ತೆರೆದೇ ನೋಡುವುದಿಲ್ಲ. ಶ್ರಾವಣದಲ್ಲಿ ಒಬ್ಬರು ನಿವೃತ್ತ ಮಾಸ್ತರರು ಬಂದರು. ಅವರ ಪುಸ್ತಕ ನಾನೇ ಸೆಟ್ ಮಾಡಿದ್ದು. ‘ರೀಪ್ರಿಂಟ್ ಮಾಡಸೋಣಪಾ, ಬರೇ ಎರಡು ತಿದ್ದುಪಡಿ ಅದಾವ’ ಅಂದರು. ಫೋಲ್ಡರ್ ಹುಡುಕಿದಾಗಲೇ ನನಗೆ ಗೊತ್ತಾದದ್ದು. ಅಷ್ಟರಲ್ಲಿ ಆ 30 ದಿನ ಮುಗಿದುಹೋಗಿತ್ತು.

ಮೇಲ್‌ನಲ್ಲಿ ನಾನು ಕಳಿಸಿದ್ದರ ಪಟ್ಟಿಯಲ್ಲಿ ಕೆಲವು ಅಧ್ಯಾಯ ಸಿಕ್ಕವು, ಅವೂ ಮೊದಲ ಪ್ರೂಫ್. ಮಾಸ್ತರರು ಕೆಂಪು ಪೆನ್ನಿನಲ್ಲಿ ತಿದ್ದುವುದಕ್ಕೂ ಮುಂಚಿನವು. ಉಳಿದದ್ದಕ್ಕೆ ಅಚ್ಚಾದ ಪುಸ್ತಕವನ್ನೇ ಸ್ಕ್ಯಾನ್ ಮಾಡಿದೆ. ಚಿತ್ರವನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರವನ್ನೂ ಓದಿ ಕೊಡುತ್ತದೆ, ಒಳ್ಳೆಯದೇ. ಆದರೆ ಒತ್ತಕ್ಷರ ಮಸುಕಾಗಿದ್ದ ಕಡೆ ಏನೋ ಒಂದು ಕೊಡುತ್ತದೆ. ಮೇಲಾಗಿ ಬರುವುದು ಯುನಿಕೋಡ್, ಅಂದರೆ ಫೋನ್, ವೆಬ್‌ಗಳಲ್ಲಿ ನಡೆಯುವ ಅಕ್ಷರ. ಪುಟ ಕಟ್ಟುವ ನನ್ನ ಹಳೇ ಪೇಜ್‌ಮೇಕರ್‌ಗೆ ಬೇಕಾದ್ದು ನುಡಿ ಸಾಫ್ಟ್‌ವೇರ್‌ನ ಹಳೇ ಪದ್ಧತಿಯ ಆನ್ಸಿ ಅಕ್ಷರ. ಪರಿವರ್ತಿಸಿ, ಮತ್ತೆ ಸಾಲು ಸಾಲಾಗಿ ಓದಿ, ಕೊನೆಗೆ ಅರ್ಧಕ್ಕರ್ಧ ಹೊಸದಾಗಿ ಟೈಪ್ ಮಾಡಿದೆ. ಅವರಿಂದ ದುಡ್ಡು ಹೇಗೆ ಕೇಳಲಿ? ಅದಕ್ಕಿಂತ ದೊಡ್ಡ ಪೆಟ್ಟು ಸೊಸೈಟಿ ವರದಿಗಳದ್ದು. ಅಡಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಟೇಬಲ್‌ಗಳು ಪ್ರತಿ ವರ್ಷ ಅವೇ, ಅಂಕಿ ಬದಲಾಯಿಸಿದರೆ ಆಯಿತು. ಆ ವರ್ಷ ಎಲ್ಲಾ ಟೇಬಲ್ ಹೊಸದಾಗಿ ಎಳೆಯಬೇಕಾಯಿತು. ತಡವಾದದ್ದಕ್ಕೆ ಎರಡು ಸೊಸೈಟಿಗಳು ಪಕ್ಕದ ಅಂಗಡಿಗೆ ಹೋದವು, ಇನ್ನೂ ಅಲ್ಲೇ ಇವೆ.

ಅದಕ್ಕೇ ಹೇಳುತ್ತಿರುವುದು, ಸಿಂಕ್ ಫೋಲ್ಡರ್‌ನಲ್ಲಿ ನಡೆಯುತ್ತಿರುವ ಕೆಲಸ ಮಾತ್ರ ಇರಲಿ. ಮುಗಿದದ್ದು ಹೊರಗಿನ ಹಾರ್ಡ್ ಡಿಸ್ಕ್‌ಗೆ ಹೋಗಬೇಕು. ಕಾಪಿ ಆದಮೇಲೆ ವೈರ್ ಕಿತ್ತು ಬೀರುವಿನಲ್ಲಿಡಿ. ಸದಾ ಚುಚ್ಚಿಯೇ ಇಟ್ಟರೆ ವೈರಸ್ ಬಂದ ದಿನ ಅದೂ ಹೋಗುತ್ತದೆ. ಕಾಪಿ ಮಾಡಲು ವಿಂಡೋಸ್‌ನ ರೋಬೊಕಾಪಿ ಕಮಾಂಡ್ ಬಳಸುತ್ತೇನೆ ಅನ್ನುವವರಿಗೆ ಒಂದು ಮಾತು: ಅದರಲ್ಲಿ ‘ಮಿರ್’ ಅನ್ನುವ ಸ್ವಿಚ್ ಹಾಕಬೇಡಿ. ಇಲ್ಲಿ ಇಲ್ಲದ್ದನ್ನು ಅದು ಅಲ್ಲೂ ಅಳಿಸುತ್ತದೆ, ಮತ್ತೆ ನನ್ನದೇ ಕಥೆ.

ಜಾಗ ಸಾಲದಿದ್ದರೆ ಡಿಲೀಟ್ ಕೀ ಮುಟ್ಟಬೇಡಿ. ಒನ್‌ಡ್ರೈವ್‌ನಲ್ಲಿ ರೈಟ್ ಕ್ಲಿಕ್ ಮಾಡಿದರೆ ‘ಫ್ರೀ ಅಪ್ ಸ್ಪೇಸ್’ ಅಂತ ಇದೆ, ಡ್ರಾಪ್‌ಬಾಕ್ಸ್‌ನಲ್ಲಿ ‘ಆನ್‌ಲೈನ್ ಓನ್ಲಿ’. ಫೈಲ್ ಕ್ಲೌಡ್‌ನಲ್ಲಿ ಉಳಿದು ಡಿಸ್ಕ್‌ನಲ್ಲಿ ಹೆಸರಷ್ಟೇ ಇರುತ್ತದೆ. ಗೂಗಲ್ ಡ್ರೈವ್‌ನಲ್ಲಿ ಇದಕ್ಕೆ ‘ಸ್ಟ್ರೀಮ್’ ಅನ್ನುವ ಆಯ್ಕೆ. ಆದರೆ ಡಿಟಿಪಿಗೆ ನನಗೆ ಸ್ಟ್ರೀಮ್ ಇಷ್ಟವಿಲ್ಲ. ಅದು ಸಾಮಾನ್ಯವಾಗಿ ಜಿ ಅನ್ನುವ ಬೇರೆ ಡ್ರೈವ್ ಆಗಿ ಕೂರುತ್ತದೆ. ಇನ್ನೊಂದು ಯಂತ್ರದಲ್ಲಿ ಡ್ರೈವ್‌ನ ಅಕ್ಷರ ಬೇರೆ ಆದರೆ ಪೇಜ್‌ಮೇಕರ್ ಫೋಟೋಗಳ ಲಿಂಕ್ ಹುಡುಕುತ್ತಾ ನಿಲ್ಲುತ್ತದೆ. ಫೈಲ್ ಪೂರ್ತಿಯಾಗಿ ಡಿಸ್ಕ್‌ನಲ್ಲೂ ಇರುವ ‘ಮಿರರ್’ ಆಯ್ಕೆ ಇಟ್ಟು, ಎರಡೂ ಕಡೆ ಫೋಲ್ಡರ್ ದಾರಿ ಒಂದೇ ಇರುವಂತೆ ಮಾಡಿ. ನುಡಿ ಫಾಂಟ್ ಎರಡರಲ್ಲೂ ಹಾಕಿ, ಇಲ್ಲದಿದ್ದರೆ ಮ್ಯಾಟರ್ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ.

ಫೋನ್ ಯಾಕೆ ಬೇಕು ಅಂತ ನನಗೆ ಅರ್ಥವಾಗಲಿಲ್ಲ. ಆಂಡ್ರಾಯ್ಡ್‌ನ ಡ್ರೈವ್ ಆ್ಯಪ್ ಕಂಪ್ಯೂಟರ್ ಥರ ಫೋಲ್ಡರ್ ಸಿಂಕ್ ಮಾಡುವುದೇ ಇಲ್ಲ, ನೋಡಲು ಮತ್ತು ಏರಿಸಲು ಅಷ್ಟೆ. ಗಿರಾಕಿಗೆ ಪ್ರೂಫ್ ತೋರಿಸಲು ಅಷ್ಟು ಸಾಕು. ಅಳಿಸುವುದು ಮಾತ್ರ ಅಲ್ಲಿಂದಲೂ ಆಗುತ್ತದೆ. ಸುಮ್ನೆ ಮೂರನೇ ಯಂತ್ರ ಸೇರಿಸಿದರೆ ಡಿಲೀಟ್ ಒತ್ತಲು ಮೂರನೇ ಜಾಗ ಆಗುತ್ತದೆ, ಅದೂ ಮಕ್ಕಳ ಕೈಗೆ ಸಿಗುವಂಥದ್ದು.

ಇಷ್ಟಾದಮೇಲೂ ಯಾವ ಕ್ಲೌಡ್ ಅಂತ ಹೆಸರು ಬೇಕೇ ಬೇಕು ಅಂದರೆ, ಜಿಮೇಲ್ ಹೇಗೂ ಇದೆಯಲ್ಲ, ಗೂಗಲ್ ಡ್ರೈವೇ ಸಾಕು. ಬಿಟ್ಟಿಯಾಗಿ 15 ಜಿಬಿ. ಡ್ರಾಪ್‌ಬಾಕ್ಸ್ ಕೊಡುವುದು 2, ಒನ್‌ಡ್ರೈವ್ 5. ಆದರೆ ಆ 15 ರಲ್ಲಿ ಮೇಲ್ ಮತ್ತು ಫೋಟೋಗಳೂ ಸೇರಿವೆ. ತುಂಬಿಹೋದರೆ ಮೇಲ್ ಬರುವುದೇ ನಿಲ್ಲುತ್ತದೆ. ಗಿರಾಕಿಗಳು ಮ್ಯಾಟರ್ ಕಳಿಸುವ ವಿಳಾಸವೇ ಅದಾಗಿದ್ದರೆ ಅಂಗಡಿ ಕೆಲಸಕ್ಕೆ ಬೇರೆ ಖಾತೆ ಮಾಡಿ. ಸಂಜೆ ಬೀಗ ಹಾಕುವ ಮುಂಚೆ ಫೈಲ್ ಮುಚ್ಚಿ, ಕ್ಲೌಡ್‌ಗೆ ಏರಿ ಮುಗಿಯಿತಾ ನೋಡಿ, ಆಮೇಲೆ ಕಂಪ್ಯೂಟರ್ ಆಫ್ ಮಾಡಿ. ಅರ್ಧ ಏರಿದ್ದನ್ನು ಬಿಟ್ಟು ಬಂದರೆ ಮನೆಯಲ್ಲಿ ಹಳೇ ಪ್ರತಿಯನ್ನೇ ತಿದ್ದುತ್ತಾ ಕೂರುತ್ತೀರಿ.

ನಿಮ್ಮ ಅಂಗಡಿಯ ಕಂಪ್ಯೂಟರ್‌ನ ಸಿ ಡ್ರೈವ್ ಎಷ್ಟು ಜಿಬಿ ಅಂತ ಬರೆದಿಲ್ಲ. ನನ್ನದರ ಹಾಗೆ 120 ಇದ್ದರೆ ಸಿಂಕ್ ಆನ್ ಮಾಡುವ ಮುಂಚೆಯೇ ಫೋಲ್ಡರನ್ನು ಡಿ ಡ್ರೈವ್‌ಗೆ ತೋರಿಸಿ.