ಸಿಪ್ಯಾಪ್ ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಬಿಟ್ಟು ಪ್ರಾಣಾಯಾಮ ಮಾಡಿದರೆ ಸಾಕಾ?

ನಿದ್ದೆಯಲ್ಲಿ ಗಂಟಲು ಮುಚ್ಚದ ಹಾಗೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಮಿಷನ್ನೇ ಸಿಪ್ಯಾಪ್. ಅದರ ಮಾಸ್ಕನ್ನು ಹತ್ತು ದಿನದಿಂದ ಮಧ್ಯರಾತ್ರಿ ಕಿತ್ತು ಹಾಕುತ್ತಿದ್ದೀರಿ ಅಂತ ಬರೆದಿದ್ದೀರಿ. ಹತ್ತು ದಿನ ತಡೆದುಕೊಂಡಿರಲ್ಲ, ದೊಡ್ಡದು. ನಾನು ಆರನೇ ದಿನಕ್ಕೇ ಮಿಷನ್ನನ್ನು ಅಟ್ಟಕ್ಕೆ ಹಾಕಿದವನು.

ನನಗೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ, ಇದೆ ಅಂತ ಗೊತ್ತಾಗಿದ್ದೇ ಹರ್ನಿಯಾ ಆಪರೇಷನ್ನಿಗೆ ಹೋದಾಗ. ಅರಿವಳಿಕೆ ಕೊಡುವ ಡಾಕ್ಟರ್ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, "ಗೊರಕೆ ಹೊಡೀತೀರಾ?" ಅಂದರು. ನಾನು ಇಲ್ಲ ಅಂದೆ. ಪಕ್ಕದಲ್ಲಿದ್ದ ಹೆಂಡತಿ, "ಹೊಡೀತಾರೆ ಡಾಕ್ಟ್ರೇ, ನಡುವೆ ಉಸಿರೇ ನಿಂತುಹೋಗುತ್ತೆ" ಅಂದಳು. ಹದಿನೆಂಟು ವರ್ಷದ ಸಂಸಾರದಲ್ಲಿ ನನಗೆ ಹೇಳಿರಲಿಲ್ಲ. ಅಥವಾ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಾನು ದಪ್ಪ ಇಲ್ಲ, 64 ಕೆಜಿ. ಕೆಳದವಡೆ ಸ್ವಲ್ಪ ಹಿಂದಕ್ಕಿದೆ. ಮಲಗಿದಾಗ ನಾಲಿಗೆ ಹಿಂದೆ ಜಾರಿ ದಾರಿ ಮುಚ್ಚುತ್ತದಂತೆ. ನಿದ್ದೆ ಪರೀಕ್ಷೆಯಲ್ಲಿ ಗಂಟೆಗೆ 38 ಸಲ ಉಸಿರು ನಿಲ್ಲುತ್ತದೆ ಇಲ್ಲವೇ ಕುಗ್ಗುತ್ತದೆ ಅಂತ ಬಂತು. 5ಕ್ಕಿಂತ ಕೆಳಗಿದ್ದರೆ ಸರಿ, 30 ದಾಟಿದರೆ ತೀವ್ರ. ಕಾಲೇಜಿನಲ್ಲಿ ಪರೀಕ್ಷೆ ಡ್ಯೂಟಿ ಬಿದ್ದಾಗೆಲ್ಲ ಕುರ್ಚಿಯಲ್ಲೇ ತೂಕಡಿಸಿ ಹುಡುಗರ ಬಾಯಿಗೆ ಬೀಳುತ್ತಿದ್ದೆ. ಯಾಕೆ ಅಂತ ಆವತ್ತು ತಿಳಿಯಿತು.

42,000 ಕೊಟ್ಟು ಮಿಷನ್ ತಂದೆ. ಈಗ ನನ್ನ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ದಿನಾ ರಾತ್ರಿ ಮಂಚದ ಅಂಚಿನಲ್ಲಿ ನೆಟ್ಟಗೆ ಕೂತು, ಮಿಷನ್ ಆಫ್ ಇರುವಾಗಲೇ, ಪಟ್ಟಿಗಳನ್ನು ಬಿಗಿಯಾಗಿ ಎಳೆದು ಆಮೇಲೆ ಮಲಗುತ್ತಿದ್ದೆ. ಹೆಲ್ಮೆಟ್ ಹಾಕಿಕೊಂಡ ಹಾಗೆ. ಇದರಲ್ಲಿ ಎರಡು ತಪ್ಪಿವೆ. ಕೂತಾಗ ಇರುವ ಮುಖ ಮಲಗಿದಾಗ ಇರುವುದಿಲ್ಲ. ಕೆನ್ನೆಯ ಮಾಂಸ ಕಿವಿಯ ಕಡೆ ಇಳಿಯುತ್ತದೆ, ಅಂಚಿನಲ್ಲಿ ಸಂದು ಬೀಳುತ್ತದೆ. ಇನ್ನೊಂದು, ಮಾಸ್ಕಿನ ಅಂಚಿನಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳು ಸಿಲಿಕಾನ್ ಪದರ ಇದೆಯಲ್ಲ, ಅದು ಗಾಳಿ ತುಂಬಿ ಉಬ್ಬಿದಾಗ ಮಾತ್ರ ಮುಖಕ್ಕೆ ಕೂರುತ್ತದೆ. ನಾನು ಅದನ್ನು ಮೊದಲೇ ಜಜ್ಜಿಬಿಡುತ್ತಿದ್ದೆ. ಉಬ್ಬಲಿಕ್ಕೆ ಜಾಗವೇ ಇಲ್ಲ. ರಾತ್ರಿ ಎರಡು ಗಂಟೆಗೆ ಮಿಷನ್ ಒತ್ತಡ ಏರಿಸಿದಾಗ ಗಾಳಿ ಸೀದಾ ಕಣ್ಣಿಗೆ ಹೊಡೆಯುತ್ತಿತ್ತು. ಸೋರುತ್ತಿದೆ ಅಂತ ಇನ್ನೂ ಬಿಗಿ ಮಾಡುತ್ತಿದ್ದೆ. ಬಿಗಿ ಮಾಡಿದಷ್ಟೂ ಸೋರಿತು. ಐದನೇ ದಿನ ಮೂಗಿನ ಮೇಲೆ, ಕನ್ನಡಕ ಕೂರುವ ಜಾಗದಲ್ಲಿ, ಚರ್ಮ ಕಿತ್ತು ಬಂತು. ಆರನೇ ದಿನ ಅಟ್ಟ.

ನಾಲ್ಕು ತಿಂಗಳು ಅಲ್ಲೇ ಇತ್ತು. ನಿಮ್ಮ ಹಾಗೇ ನಾನೂ ಪ್ರಾಣಾಯಾಮ ಹಿಡಿದೆ. ಒಂದು ಮಧ್ಯಾಹ್ನ ಕಾಲೇಜಿನಿಂದ ಬರುವಾಗ ಸ್ಕೂಟರ್ ಮೇಲೆ ಕಣ್ಣು ಮುಚ್ಚಿತು. ಎಚ್ಚರವಾದಾಗ ಮೋರಿಯಲ್ಲಿದ್ದೆ. ಕಾಲರ್ ಮೂಳೆ ಮುರಿದಿತ್ತು. ಎದುರಿನಿಂದ ಲಾರಿ ಬರಲಿಲ್ಲ, ಅಷ್ಟೇ.

ಆಮೇಲೆ ಬೇರೆ ಟೆಕ್ನಿಷಿಯನ್ ಹತ್ತಿರ ಹೋದೆ. ಇಪ್ಪತ್ತೈದರ ಹುಡುಗ. "ಸರ್, ಮೊದಲು ಮಲಗಿ" ಅಂದ. ಮಿಷನ್ ಆನ್ ಮಾಡಿದ. ಪಟ್ಟಿಗಳನ್ನೆಲ್ಲ ಸಡಿಲ ಬಿಟ್ಟು, ಮಾಸ್ಕನ್ನು ಮುಖದಿಂದ ಒಂದು ಸಲ ಎತ್ತಿ ಬಿಟ್ಟ. ಪದರ ಪುಸಕ್ಕನೆ ಉಬ್ಬಿ ಕೂತಿತು. ಆಮೇಲೆ ಎರಡೂ ಕಡೆ ಒಂದೊಂದು ಚೂರು ಎಳೆದ. ಪಟ್ಟಿಯ ಕೆಳಗೆ ಬೆರಳು ಆರಾಮವಾಗಿ ಹೋಗುತ್ತಿತ್ತು. ಸೋರಿಕೆ ಇಲ್ಲ. ಎರಡು ನಿಮಿಷದ ಕೆಲಸ! ಶುರುವಿನಲ್ಲಿ ರೋಗಿಗಳ ಮೂಗಿಗೆ ದಿನಾ ರಾತ್ರಿ ಅಂಟು ಹಚ್ಚಿ ಮಾಸ್ಕ್ ಕೂರಿಸುತ್ತಿದ್ದರು ಅಂತಲೂ ಅವನೇ ಹೇಳಿದ. ಸಿಡ್ನಿಯ ಕಾಲಿನ್ ಸಲಿವನ್ ಎಂಬ ಡಾಕ್ಟರ್ 1981ರಲ್ಲಿ ಈ ಚಿಕಿತ್ಸೆಯನ್ನು ಜಗತ್ತಿಗೆ ತಿಳಿಸಿದ ಕಾಲದ ಮಾತು. ನನ್ನ ಗೋಳು ಏನೂ ಅಲ್ಲ ಅನ್ನಿಸಿತು.

ಹಾಗಾಗಿ ಸಿಪ್ಯಾಪಾ, ಪ್ರಾಣಾಯಾಮವಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಪ್ರಾಣಾಯಾಮ ಎಚ್ಚರ ಇದ್ದಾಗಿನ ಉಸಿರು. ಗಂಟಲು ಮುಚ್ಚುವುದು ನಿದ್ದೆಯಲ್ಲಿ. ಬೆಳಿಗ್ಗೆ ಮಾಡಿ, ಒಳ್ಳೆಯದೇ, ಬೇಡ ಅನ್ನಲ್ಲ. ತೂಕ ಜಾಸ್ತಿ ಇದ್ದರೆ ಇಳಿಸಿ, ಅದರಿಂದ ನಿಜಕ್ಕೂ ಕಡಿಮೆಯಾಗುತ್ತದೆ. ಆದರೆ ಇಳಿಯುವ ತನಕ ಮಿಷನ್ ಬೇಕು.

"ಅಭ್ಯಾಸ ಆಗುತ್ತೆ, ತಡ್ಕೊಳ್ಳಿ" ಅನ್ನುವವರ ಮಾತನ್ನೂ ಕೇಳಬೇಡಿ. ನೋವನ್ನು ಅಭ್ಯಾಸ ಮಾಡಿಕೊಳ್ಳುವುದು ಯಾಕೆ? ಮಾಸ್ಕ್ ಬದಲಿಸಿ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣದೂ ಇದೆ, ಗಾಬರಿ ಆಗುವವರಿಗೆ ನನ್ನ ಪ್ರಕಾರ ಅದೇ ಒಳ್ಳೆಯದು. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಕೂತರೆ ಆ ಗಾಬರಿ ಬೇಗ ಹೋಗುತ್ತದೆ.

ಉಸಿರು ಕಟ್ಟುವುದು ಮಲಗಿದ ತಕ್ಷಣವೇ ಆದರೆ, ಗಾಳಿ ಜಾಸ್ತಿ ಅಂದುಕೊಳ್ಳಬೇಡಿ. ಕಡಿಮೆ ಇರಬಹುದು. ನನ್ನ ಮಿಷನ್ನಿನ ಗಾಳಿಯ ಒತ್ತಡ 4ರಿಂದ ಶುರುವಾಗುತ್ತಿತ್ತು. ಸ್ಟ್ರಾದಲ್ಲಿ ಉಸಿರೆಳೆದ ಹಾಗಿರುತ್ತಿತ್ತು. ಡಾಕ್ಟರ್ 6 ಮಾಡಿದರು, ಸರಿಹೋಯಿತು. ನೀವೇ ಒತ್ತಬೇಡಿ, ಅವರಿಂದ ಮಾಡಿಸಿ.

ನಿಮ್ಮದು ಯಾವ ಮಾಸ್ಕ್ ಅಂತ ಬರೆದಿಲ್ಲ. ಬೆಳಿಗ್ಗೆ ಎದ್ದಾಗ ಬಾಯಿ ಒಣಗಿರುತ್ತದಾ? ಹಾಗಿದ್ದರೆ ಬಾಯಿ ತೆರೆದು ಮಲಗುತ್ತೀರಿ, ಗಾಳಿ ಅಲ್ಲಿಂದಲೂ ಹೋಗುತ್ತಿರುತ್ತದೆ. ಟೆಕ್ನಿಷಿಯನ್‌ಗೆ ಅದನ್ನು ಮೊದಲೇ ಹೇಳಿ. ಅಲ್ಲಿಯ ತನಕ ಗಾಡಿ ಓಡಿಸಬೇಡಿ.