ಹೈಸ್ಕೂಲ್ ಬೇಸ್‌ಬಾಲ್ ಆಡುವ ಮಗನ ಬ್ಯಾಟ್ ವೇಗದ ಪಿಚ್‌ಗೆ (ಎಸೆತಕ್ಕೆ) ತಡವಾಗುತ್ತಿದೆ. ಮಣಿಕಟ್ಟಿನ ಬಲ ಹೆಚ್ಚಿಸಬೇಕೇ, ಹಗುರ ಬ್ಯಾಟ್ ಕೊಳ್ಳಬೇಕೇ?

ದಯವಿಟ್ಟು ಎರಡನ್ನೂ ಮಾಡಬೇಡಿ. ಗುಂಡಪ್ಪ ವಿಶ್ವನಾಥರ ಊರಾದ ಭದ್ರಾವತಿಯಲ್ಲಿ ಅವರ ಸ್ಕ್ವೇರ್ ಕಟ್‌ನ ವರ್ಣನೆ ಕೇಳುತ್ತ ಬೆಳೆದ ನಾನು, ಹೊಡೆತವೆಂದರೆ ಮಣಿಕಟ್ಟು ಎಂಬ ನಂಬಿಕೆಯನ್ನು ನ್ಯೂಜೆರ್ಸಿಯ ಹೈಸ್ಕೂಲ್ ತಂಡದವರೆಗೂ ಹೊತ್ತುಕೊಂಡು ಹೋಗಿದ್ದೆ. ಒಂದಿಡೀ ಚಳಿಗಾಲ ಡಂಬೆಲ್ ಎತ್ತಿದ ಮೇಲೂ ಬ್ಯಾಟ್ ಮೊದಲಿನಷ್ಟೇ ತಡವಾಗಿ ಬರುತ್ತಿತ್ತು.

ಚೆಂಡೆಸೆಯುವ ಪಿಚರ್ ನಿಲ್ಲುವಲ್ಲಿಂದ ಬ್ಯಾಟ್ ಬೀಸುವವನ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ. ಗಂಟೆಗೆ 90 ಮೈಲಿ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಅದರಲ್ಲಿ ಸುಮಾರು 0.15 ಸೆಕೆಂಡು ಬೀಸುವುದಕ್ಕೇ ಬೇಕು. ಈ ಲೆಕ್ಕಕ್ಕೆ ಹೆದರಿ ನಾನು ಮುಂಗಾಲು ನೆಲಕ್ಕೆ ಊರುವ ಮೊದಲೇ ಭುಜ ತಿರುಗಿಸುತ್ತಿದ್ದೆ. ಕೆಡುತ್ತಿದ್ದುದು ಅಲ್ಲಿಯೇ. ಮುಂಗಾಲು ಊರಿ ಸೊಂಟ ತಿರುಗಲಾರಂಭಿಸಿದಾಗ ಭುಜ ಇನ್ನೂ ಹಿಂದೆಯೇ ಉಳಿದಿರಬೇಕು. ಒದ್ದೆ ಬಟ್ಟೆ ಹಿಂಡುವಾಗ ಎರಡೂ ತುದಿಗಳನ್ನು ಒಂದೇ ಕಡೆಗೆ ತಿರುಗಿಸಿದರೆ ಹನಿ ನೀರೂ ಇಳಿಯದು. ಅನಂತರ ಮುಂಗಾಲಿನ ಮಂಡಿ ಬಿಗಿಯಾಗಿ ಸೊಂಟವನ್ನು ತಡೆದಾಗ ಆ ವೇಗ ಎದೆಗೆ, ಎದೆಯಿಂದ ತೋಳಿಗೆ, ಕೊನೆಗೆ ಬ್ಯಾಟಿಗೆ ದಾಟುತ್ತದೆ. ನನ್ನಲ್ಲಿ ಸೊಂಟವೂ ಭುಜವೂ ಒಟ್ಟಿಗೇ ತಿರುಗುತ್ತಿದ್ದುದರಿಂದ ಇಡೀ ಕೆಲಸ ತೋಳಿನ ಮೇಲೆ ಬೀಳುತ್ತಿತ್ತು, ಮೊಣಕೈ ಬೇಗನೆ ಚಾಚಿಕೊಂಡು ಬ್ಯಾಟ್ ದೊಡ್ಡ ಸುತ್ತು ಹಾಕಿ ಬರುತ್ತಿತ್ತು. ಹೀಗೆ ಬೇಗ ಹೊರಟರೂ ಫಾಸ್ಟ್‌ಬಾಲ್‌ಗೆ ತಡವಾಗುತ್ತಿತ್ತು; ಫಾಸ್ಟ್‌ಬಾಲ್‌ನಂತೆಯೇ ಎಸೆದರೂ ನಿಧಾನವಾಗಿ ಬರುವ ಚೇಂಜ್‌ಅಪ್ ಬಂದರಂತೂ ಚೆಂಡು ತಲುಪುವ ಮೊದಲೇ ಬ್ಯಾಟ್ ಹಾದುಹೋಗಿರುತ್ತಿತ್ತು. ಮರುವರ್ಷ ಶಾಲೆಯ ಮುಖ್ಯ ತಂಡವಾದ ವಾರ್ಸಿಟಿಯಲ್ಲಿ ನನ್ನ ಹೆಸರಿರಲಿಲ್ಲ.

ಹಗುರ ಬ್ಯಾಟಿನ ಮಾತು ಇನ್ನೂ ವ್ಯರ್ಥ. ಹೈಸ್ಕೂಲ್ ನಿಯಮದಂತೆ ಬ್ಯಾಟಿನ ತೂಕದ ಔನ್ಸ್ ಸಂಖ್ಯೆ ಅದರ ಉದ್ದದ ಅಂಗುಲ ಸಂಖ್ಯೆಗಿಂತ ಗರಿಷ್ಠ 3 ಮಾತ್ರ ಕಡಿಮೆಯಿರಬಹುದು; 33 ಅಂಗುಲದ್ದು ಕನಿಷ್ಠ 30 ಔನ್ಸ್ ಇರಲೇಬೇಕು. ಇನ್ನೂ ಹಗುರ ಬೇಕೆಂದರೆ ಗಿಡ್ಡ ಬ್ಯಾಟ್ ಕೊಳ್ಳಬೇಕಾಗುತ್ತದೆ, ಆಗ ಹೊರಗಿನ ಅಂಚಿನ ಪಿಚ್ ಕೈಗೆಟಕದು.

ಮಗನ ಎದೆಗೆ ಎದುರಾಗಿ ನಿಂತು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಮುಂಗಾಲಿನ ಹಿಮ್ಮಡಿ ನೆಲ ಮುಟ್ಟಿದ ಚಿತ್ರದಲ್ಲಿ ನಿಲ್ಲಿಸಿ ನೋಡಿದರೆ, ಬೆಲ್ಟಿನ ಬಕಲ್ ಪಿಚರ್‌ನತ್ತ ಹೊರಳತೊಡಗಿದ್ದರೂ ಜೆರ್ಸಿಯ ಮೇಲಿನ ಅಕ್ಷರಗಳು ಪೂರ್ತಿಯಾಗಿ ನಿಮಗೇ ಕಾಣಬೇಕು. ಕಾಣದಿದ್ದರೆ ಟೀ (ಚೆಂಡನ್ನು ಇಡುವ ಕಂಬ) ಮೇಲೆ ಚೆಂಡಿಟ್ಟು, ಕಾಲೂರಿ ಒಂದು ಕ್ಷಣ ನಿಂತು ಅನಂತರ ಬೀಸುವ ಅಭ್ಯಾಸ ಮಾಡಿಸಿ. ಆದರೆ ಟೀ ಮೇಲಿನ ಚೆಂಡು ಕಾಯುತ್ತದೆ, ಪಿಚರ್ ಕಾಯುವುದಿಲ್ಲ. ಆದ್ದರಿಂದ ಅದೇ ದಿನ ನೀವೇ ವೇಗದ ಮತ್ತು ನಿಧಾನದ ಚೆಂಡುಗಳನ್ನು ಬೆರೆಸಿ ಎಸೆಯಿರಿ, ನಿಮ್ಮ ಕೈಯಿಂದ ಚೆಂಡು ಬಿಡುವ ಮೊದಲೇ ಅವನು ಮುಂಗಾಲನ್ನು ಸಾವಕಾಶವಾಗಿ ಎತ್ತಲಿ.