ಇಂಗ್ಲೆಂಡಿನಲ್ಲಿ ವೇಗದ ಮಿತಿ ಮೀರಿದವರನ್ನು ದಂಡದ ಬದಲು ತರಗತಿಗೆ ಕಳಿಸುತ್ತಾರಂತೆ, ಅದು ಹೇಗೆ?

ಹೌದು, ಆದರೆ ಸ್ವಲ್ಪವೇ ಮೀರಿದವರಿಗೆ ಮಾತ್ರ. ಗಂಟೆಗೆ 30 ಮೈಲಿ ಮಿತಿಯ ರಸ್ತೆಯಲ್ಲಿ 35ರಿಂದ 42ರೊಳಗೆ ಸಿಕ್ಕಿಬಿದ್ದರೆ, 100 ಪೌಂಡ್ ದಂಡ ಮತ್ತು ಲೈಸೆನ್ಸಿಗೆ 3 ಪಾಯಿಂಟ್ (ತಪ್ಪಿನ ಅಂಕ) ಬೀಳುವ ಬದಲು, ಶುಲ್ಕ ಕಟ್ಟಿ ಕೆಲವು ಗಂಟೆ ಪಾಠಕ್ಕೆ ಕೂರಲು ಪೊಲೀಸರು ಸಾಮಾನ್ಯವಾಗಿ ಅವಕಾಶ ಕೊಡುತ್ತಾರೆ. ಮೂರು ವರ್ಷದೊಳಗೆ ಒಮ್ಮೆ ಹೋಗಿದ್ದವರಿಗೆ ಮತ್ತೆ ಸಿಗುವುದಿಲ್ಲ. ಪರೀಕ್ಷೆಯಿಲ್ಲ, ಆದರೆ ಬಾಯಿಬಿಟ್ಟು ಪಾಲ್ಗೊಳ್ಳಲೇಬೇಕು.

ಕಾರಣ ಇಷ್ಟೆ: ಎಷ್ಟೋ ಜನ ಬೇಕೆಂದಲ್ಲ, ಗಮನವಿಲ್ಲದೆ ವೇಗ ಮೀರುತ್ತಾರೆ. 30ರಲ್ಲಿರುವ ಕಾರು ನಿಲ್ಲಲು ಸುಮಾರು 23 ಮೀಟರ್ ಬೇಕು, 40ರಲ್ಲಿ 36. ಚೆಂಡಿನ ಹಿಂದೆ ಓಡಿಬರುವ ಮಗುವಿಗೆ ಆ 13 ಮೀಟರ್ ಜೀವದ ಪ್ರಶ್ನೆ. ಬೀದಿದೀಪಗಳಿದ್ದು ಬೇರೆ ಫಲಕವಿಲ್ಲದಿದ್ದರೆ ಮಿತಿ 30 ಎಂಬುದೇ ಹಲವರಿಗೆ ನೆನಪಿರುವುದಿಲ್ಲ.